ಆ ಕಲ್ಲುಗಳ ಮೇಲೆ ನಮ್ಮ ಸಿಪಾಯಿಗಳ ಹೆಸರೂ ಬೇಕು

ಬ್ರಿಟಿಷರ ಕಾಲದ ಮಿಲಿಟರಿ ಸ್ಮಶಾನದ ಮಾತು ಬಂದರೆ ಹಲವರು ಕೇಳುವುದು ಒಂದೇ: ನಮ್ಮನ್ನು ಆಳಿದವರ ಗೋರಿ, ಅದರ ಉಸಾಬರಿ ನಮಗ್ಯಾಕೆ? ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಅವನ್ನು ಉಳಿಸಿಕೊಳ್ಳಬೇಕು ಅಂತಲೇ ನಾನು ಹೇಳುತ್ತೇನೆ. ಆ ಆಳ್ವಿಕೆ ಯಾರ ಜೀವಕ್ಕೆ ಎಷ್ಟು ಬೆಲೆ ಕಟ್ಟಿತ್ತು ಅನ್ನೋದು ಅಲ್ಲಿನ ಕಲ್ಲುಗಳಲ್ಲೇ ಇದೆ.

ಶ್ರೀರಂಗಪಟ್ಟಣದ ಗ್ಯಾರಿಸನ್ (ಕೋಟೆ ಕಾಯುವ ಪಡೆ) ಸ್ಮಶಾನವನ್ನೇ ನೋಡಿ. ಕಾವೇರಿ ದಡದಲ್ಲಿ ಸುಮಾರು 300 ಸಮಾಧಿಗಳಿವೆ. ಇವರೆಲ್ಲ 1799ರ ಮುತ್ತಿಗೆಯಲ್ಲಿ ಸತ್ತವರು ಅಂತ ಅನಿಸುತ್ತದೆ, ಅಲ್ವಾ? ಕೋಟೆ ಕೈವಶವಾದ ಮೇಲೆ ಇಲ್ಲೇ ಉಳಿದು ಸತ್ತವರು ಬಹಳ ಮಂದಿ. ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಮೊದಲು ಡಚ್ಚರಿಗೆ ದುಡಿದು, 1795ರಲ್ಲಿ ಇಂಗ್ಲಿಷರ ಕಡೆ ಬಂದ ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆಯವರೂ ಇದ್ದಾರೆ. ಆ ಊರಿನ ಮಲೇರಿಯಾ ಜ್ವರ ತಡೆಯಲಾಗದೆ 1809ರಲ್ಲಿ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ಮಲೇರಿಯಾ ಹರಡೋದು ಸೊಳ್ಳೆಯಿಂದ ಅನ್ನೋದಕ್ಕೆ ಆಧಾರ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅದನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಕೂಡ ಮಿಲಿಟರಿ ಡಾಕ್ಟರೇ.

ಜ್ವರ ಆಗಿನವರ ಕೈಮೀರಿದ್ದು. ಆದರೆ ಮೊದಲ ಮಹಾಯುದ್ಧದಲ್ಲಿ ಇರಾಕಿನಲ್ಲಿ ಆದದ್ದನ್ನು ಹಾಗೆ ಬಿಡೋಕಾಗಲ್ಲ. ಆ ಯುದ್ಧವನ್ನು ನಡೆಸಿದ್ದು ಇಲ್ಲಿನ ಬ್ರಿಟಿಷ್ ಸರ್ಕಾರ. ಹೋಗಿದ್ದು ಹೆಚ್ಚಾಗಿ ನಮ್ಮ ಸಿಪಾಯಿಗಳು. 1915ರ ನವೆಂಬರಿನಲ್ಲಿ ಬಾಗ್ದಾದ್ ಹತ್ತಿರದ ಟೆಸಿಫಾನ್‌ನಲ್ಲಿ ತುರ್ಕರ ಎದುರಿನ ಕಾಳಗ ಕೈಕೊಟ್ಟ ಮೇಲೆ ಗಾಯಾಳುಗಳನ್ನು ಟೈಗ್ರಿಸ್ ನದಿಯಲ್ಲಿ ದೋಣಿಗಳಿಗೆ ತುಂಬಿ ಬಸ್ರಾ ಬಂದರಿಗೆ ಕಳಿಸಿದರು. ಹಾಸಿಗೆ ಇಲ್ಲ, ನೆರಳಿಲ್ಲ, ಸಾಕಷ್ಟು ಡಾಕ್ಟರುಗಳಿಲ್ಲ. ಆಸ್ಪತ್ರೆ ಹಡಗಿನಲ್ಲಿದ್ದ ಮೇಜರ್ ಕಾರ್ಟರ್ ಎಂಬ ಡಾಕ್ಟರ್ ಅಂಥ ಒಂದು ದೋಣಿ ಬರೋದನ್ನು ನೋಡಿದರು. ಪಕ್ಕದಲ್ಲಿ ಹಗ್ಗಗಳು ಇಳಿಬಿದ್ದಿವೆ ಅಂದುಕೊಂಡರಂತೆ. ಹತ್ತಿರ ಬಂದಾಗ ಕಂಡದ್ದು ಒಣಗಿ ನೇತಾಡುತ್ತಿದ್ದ ಮಲ. ಎದ್ದು ಹೋಗಲಾಗದ ಮನುಷ್ಯರು ದಿನಗಟ್ಟಲೆ ಅದರಲ್ಲೇ ಬಿದ್ದಿದ್ದರು. ಇದನ್ನು ವರದಿ ಮಾಡಿದ್ದಕ್ಕೆ ಕಾರ್ಟರರನ್ನೇ ಬಂಧಿಸುತ್ತೇವೆ ಅಂತ ಮೇಲಿನವರು ಬೆದರಿಸಿದರು. ಕೊನೆಗೆ ತನಿಖೆ ನಡೆದು, 1917ರಲ್ಲಿ ಭಾರತದ ಹೊಣೆ ಹೊತ್ತಿದ್ದ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು.

ಹೀಗೆ ಬದುಕಿ ಬಂದವರು ಮುಂಬೈ ಬಂದರಿನಲ್ಲಿ ಇಳಿದರು. ಹೊಸದಾಗಿ ಕಟ್ಟಿದ್ದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಗ ಮಿಲಿಟರಿ ಆಸ್ಪತ್ರೆಯಾಗಿತ್ತು. ಆಸ್ಟ್ರೇಲಿಯಾದಿಂದ ನರ್ಸುಗಳು ಬಂದಿದ್ದರು. ಅವರಲ್ಲಿ ಕೆಲವರು ಇಲ್ಲೇ ಕಾಲರಾದಿಂದ ಸತ್ತರು.

ಬದುಕದವರ ಕಥೆ ನನಗೆ ಸಹಿಸೋಕಾಗಲ್ಲ. ಯುದ್ಧದಲ್ಲಿ ಸತ್ತವರ ನೆನಪು ಕಾಯಲು 1917ರಲ್ಲಿ ಒಂದು ಆಯೋಗ ಮಾಡಿದರು. ಅಧಿಕಾರಿ, ಸಿಪಾಯಿ, ಜಾತಿ, ಧರ್ಮ ಅಂತ ಭೇದವಿಲ್ಲದೆ ಎಲ್ಲರಿಗೂ ಸಮನಾದ ಗೌರವ ಅಂತ ಹೇಳಿದರು. ಅದೇ ಆಯೋಗ ಬಸ್ರಾದಲ್ಲಿ ಸ್ಮಾರಕ ಕಟ್ಟಿದಾಗ ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಒಂದೊಂದಾಗಿ ಕೆತ್ತಿಸಿತು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಬಂತು. ಸಾಮಾನ್ಯ ಸಿಪಾಯಿಗಳಿಗೆ? ರೆಜಿಮೆಂಟಿನ ಹೆಸರು, ಮುಂದೆ ಎಷ್ಟು ಜನ ಅನ್ನೋ ಸಂಖ್ಯೆ. ಅಷ್ಟೇ. 2021ರಲ್ಲಿ ಆಯೋಗವೇ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಕನಿಷ್ಠ 1,16,000 ಜನರನ್ನು ಹೆಸರು ಹಿಡಿದು ನೆನೆದಿಲ್ಲ, ಕೆಲವರನ್ನಂತೂ ನೆನೆದೇ ಇಲ್ಲ ಅಂತ ಅದರ ವರದಿಯೇ ಹೇಳಿತು. ಇವರಲ್ಲಿ ಪೂರ್ವ ಆಫ್ರಿಕಾ, ಈಜಿಪ್ಟಿನವರು ಜಾಸ್ತಿ.

ಹೆಸರು ಕೆತ್ತಿಸೋದು ಕಷ್ಟವಾಗಿತ್ತು ಅನ್ನೋ ಮಾತನ್ನು ನಾನು ಒಪ್ಪಲ್ಲ. ಎರಡನೇ ಮಹಾಯುದ್ಧದ ಕೊಹಿಮಾ ಸ್ಮಶಾನಕ್ಕೆ ಹೋಗಿ. ಅಲ್ಲಿ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರಿರುವ ಸ್ಮಾರಕವೇ ಇದೆ. ಮನಸ್ಸಿದ್ದಾಗ ಆಯಿತಲ್ಲ!

ಬಸ್ರಾದಲ್ಲಿ ಸಂಖ್ಯೆಯಾಗಿ ಉಳಿದವರ ಎಷ್ಟೋ ಹೆಸರುಗಳು ಕಾಗದದ ಪಟ್ಟಿಗಳಲ್ಲಿ ಇವೆ. ಅವು ಇಂಟರ್ನೆಟ್ಟಿನಲ್ಲಿದ್ದರೆ ಸಾಲದು, ಕಲ್ಲಿನ ಮೇಲೆ ಬರಬೇಕು. ಗಾಯಾಳುಗಳ ಡೋಲಿ ಹೊತ್ತವರು, ನೀರು ಹೊತ್ತ ಭಿಸ್ತಿಗಳು, ಆಸ್ಪತ್ರೆಯ ಕಸ ಗುಡಿಸಿದವರು, ಎಲ್ಲರದ್ದೂ. ನಮ್ಮ ಸರ್ಕಾರ ಇದನ್ನು ಗಟ್ಟಿಯಾಗಿ ಕೇಳಬೇಕು.

ನಿಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಯುದ್ಧದ ಪದಕ ಇದ್ದರೆ ಅದರ ಅಂಚನ್ನು ಒಮ್ಮೆ ನೋಡಿ. ನಂಬರು, ಹೆಸರು, ಪಡೆ ಕೆತ್ತಿರುತ್ತಾರೆ. ಅದನ್ನು ಊರಿನ ಹೆಸರಿನ ಜೊತೆ ಇಲ್ಲಿ ಬರೆಯಿರಿ. ಪಟ್ಟಿಗಳಲ್ಲಿ ಹುಡುಕೋಣ.