ರೆಂಗೊಕು ಸೋಲಲಿಲ್ಲ: ಒಂದು ಸ್ಪಷ್ಟನೆ

‘ಮುಗೆನ್ ರೈಲಿನ ಕಾಳಗದಲ್ಲಿ ಗೆದ್ದವನು ಅಕಾಜಾ. ಕ್ಯೋಜುರೊ ರೆಂಗೊಕುವಿನ ಸಾವು ವ್ಯರ್ಥವಾಯಿತು’ ಎಂಬ ಮಾತು ಜಪಾನಿನ ‘ಡೀಮನ್ ಸ್ಲೇಯರ್’ ಕಥಾಸರಣಿಯ ಅಭಿಮಾನಿಗಳ ನಡುವೆ ಹರಿದಾಡುತ್ತಿದೆ. ಇದನ್ನು ಒಪ್ಪಲು ಸಾಧ್ಯವೇ ಇಲ್ಲ.

ರಾಕ್ಷಸರನ್ನು ಬೇಟೆಯಾಡುವ ಖಡ್ಗಧಾರಿ ರೆಂಗೊಕು, ರಾಕ್ಷಸ ಅಕಾಜಾನ ಕೈಯಲ್ಲಿ ಸತ್ತದ್ದು ನಿಜ. ಆದರೆ ಅವನು ಹೊತ್ತಿದ್ದ ಹೊಣೆ ರೈಲಿನ 200 ಪ್ರಯಾಣಿಕರದ್ದು, ಜೊತೆಗಿದ್ದ ಕಿರಿಯರದ್ದು. ಅವರಲ್ಲಿ ಒಬ್ಬರೂ ಸಾಯಲಿಲ್ಲ. ರಾಕ್ಷಸನಾದರೆ ಮುಪ್ಪಿಲ್ಲ, ಸಾವಿಲ್ಲ ಎಂಬ ಆಮಿಷವನ್ನು ಅವನು ಕಡೆಯವರೆಗೂ ತಿರಸ್ಕರಿಸಿದ. ಅಕಾಜಾನ ಒಂದು ತೋಳು ತನ್ನ ಹೊಟ್ಟೆಯನ್ನು ತೂರಿ ನಿಂತಿರುವಾಗಲೂ ಅದನ್ನು ಹೊರಗೆಳೆಯಲು ಬಿಡಲಿಲ್ಲ. ಅಕಾಜಾನ ಮತ್ತೊಂದು ಕೈಯನ್ನು ತನ್ನ ಎಡಗೈಯಲ್ಲಿ ಬಿಗಿಹಿಡಿದು, ಬಲಗೈಯ ಕತ್ತಿಯನ್ನು ಅವನ ಕುತ್ತಿಗೆಗೆ ಒತ್ತುತ್ತಲೇ ಇದ್ದ. ಮೂಡಣದಲ್ಲಿ ಬೆಳಕು ಹರಿಯುತ್ತಿತ್ತು. ರಾಕ್ಷಸರಿಗೆ ಸಾವು ತರುವ ಬಿಸಿಲಿಗೆ ಹೆದರಿ, ತನ್ನ ತೋಳುಗಳನ್ನೇ ಕಿತ್ತುಕೊಂಡು ಕಾಡಿಗೆ ಓಡಿದವನು ಅಕಾಜಾ! ಓಡಿಹೋದವನಿಗೆ ಜಯಮಾಲೆ ಹಾಕುವುದು ಯಾವ ನ್ಯಾಯ? ಕಥಾನಾಯಕ ತಾಂಜಿರೊ ಬಿಕ್ಕಿಬಿಕ್ಕಿ ಅಳುತ್ತಾ ಕೂಗಿ ಹೇಳಿದ್ದೂ ಇದನ್ನೇ.

ಬಲವಿರುವವರು ದುರ್ಬಲರನ್ನು ಕಾಯಬೇಕು ಎಂದು ತಾಯಿ ರುಕಾ ಎಳವೆಯಲ್ಲಿ ಹೇಳಿಕೊಟ್ಟ ಪಾಠ ಅವನ ನಿಷ್ಠೆಯ ಬೇರು. ಅದು ಅವನೊಂದಿಗೆ ಮುಗಿಯಲಿಲ್ಲ. ಅವನ ಕತ್ತಿಯ ಹಿಡಿಗಾಪನ್ನು (ಹಿಡಿಯ ಬಳಿ ಕೈಯನ್ನು ಕಾಯುವ ತಟ್ಟೆ) ತಮ್ಮ ಸೆಂಜುರೊ ತಾಂಜಿರೊಗೆ ಕೊಟ್ಟ. ಮುಂದೆ ಅಕಾಜಾನಿಗೆ ಎದುರಾದಾಗ ತಾಂಜಿರೊನ ಕತ್ತಿಯಲ್ಲಿದ್ದದ್ದು ಅದೇ. ಸಾವು ವ್ಯರ್ಥ ಎನ್ನುವವರು ಈ ಭಾಗವನ್ನು ಇನ್ನೊಮ್ಮೆ ಗಮನವಿಟ್ಟು ನೋಡಬೇಕು.

ಈ ಕಥೆಯನ್ನು ಸಿನಿಮಾಕ್ಕೆಂದೇ ಹೆಣೆಯಲಾಯಿತು ಎನ್ನುವುದೂ ತಪ್ಪು. ಕೊಯೊಹಾರು ಗೊತೊಗೆ ಅವರ ಮೂಲ ಮಾಂಗಾದಲ್ಲೇ (ಜಪಾನಿ ಚಿತ್ರಕಥೆ) ಇದೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ತೆರೆಕಂಡ ಚಿತ್ರ ಅದನ್ನೇ ಆಧರಿಸಿದೆ.