ಯೂರೋಪಿಗೆ ಹೊರಟವರು ಒಂದು ನದಿ ಹಿಡಿದು ಕೂರಿ

ಹತ್ತು ದಿನದಲ್ಲಿ ಏಳು ದೇಶ ತೋರಿಸುವ ಪ್ಯಾಕೇಜ್ ಕಂಡರೆ ನನಗೆ ಸಂಕಟವಾಗುತ್ತದೆ. ಬೆಳಗಾಗುವ ಮೊದಲೇ ಬ್ಯಾಗ್ ಕಟ್ಟು, ಬಸ್ ಹತ್ತು, ಇಳಿದು ಫೋಟೊ ತೆಗಿ, ಮತ್ತೆ ಹತ್ತು. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಹೆದ್ದಾರಿಯಲ್ಲೇ ಮುಗಿದುಹೋಗುತ್ತದೆ. ಒಳ್ಳೆ ಊಟ, ಒಳ್ಳೆ ವೈನ್, ಸ್ವಲ್ಪ ಸುತ್ತಾಟ ಬೇಕು ಅನ್ನುವವರಿಗೆ ನನ್ನ ಸಲಹೆ ಪೋರ್ಚುಗಲ್‌ನ ಡೌರೊ ನದಿ. ಸಮುದ್ರದ ಬಳಿ ಪೋರ್ಟೊ, ಕಣಿವೆಯೊಳಗೆ ಪಿನ್ಯಾವ್. ಎರಡೇ ಊರು, ಒಂದು ವಾರ. ಒಂದೇ ದೇಶವಾದ್ದರಿಂದ ಷೆಂಗೆನ್ ವೀಸಾಕ್ಕೆ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಯಾವ ದೇಶದ ಮೂಲಕ ಅರ್ಜಿ ಹಾಕಬೇಕು ಅನ್ನುವ ಗೊಂದಲವೂ ಇಲ್ಲ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಡಿ. ವೈನ್ ತೋಟಕ್ಕೆ ಹೋಗಿ ಒಬ್ಬರು ಮಾತ್ರ ನೀರು ಕುಡಿದು ಕೂರುವುದು ಅನ್ಯಾಯ. ಪೋರ್ಟೊದಿಂದ ರೈಲಿದೆ, ಪಿನ್ಯಾವ್‌ಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆ ಅಂಥದ್ದೇನಿಲ್ಲ. ಆಮೇಲೆ ಹಳಿ ನದಿಯ ಪಕ್ಕಕ್ಕೆ ಬರುತ್ತದೆ ನೋಡಿ, ಅಲ್ಲಿಂದ ಫೋನ್ ಒಳಗಿಡಿ. ಎದುರು ದಡದ ಗುಡ್ಡವೆಲ್ಲ ಬುಡದಿಂದ ತುದಿವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಮಣ್ಣು ಅನ್ನುವುದು ಕಡಿಮೆ, ಎಲ್ಲ ಪದರುಪದರಾದ ಕಲ್ಲು. ಅದನ್ನು ಒಡೆದು, ಅದೇ ಕಲ್ಲಿನಿಂದ ಗೋಡೆ ಕಟ್ಟಿ ಬಳ್ಳಿ ನೆಟ್ಟಿದ್ದಾರೆ. 1756ರಲ್ಲೇ ಸರ್ಕಾರ ಈ ವೈನ್ ಸೀಮೆಯನ್ನು ಗುರುತಿಸಿ, ಆಮೇಲೆ ಗ್ರಾನೈಟ್ ಗಡಿಕಲ್ಲು ನೆಡಿಸಿತ್ತು. 2001ರಲ್ಲಿ ಇದು ಯುನೆಸ್ಕೊ ಪಟ್ಟಿ ಸೇರಿತು.

ಜುಲೈ, ಆಗಸ್ಟ್ ಬೇಡ, ಕಣಿವೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ. ಮೇ ಒಳ್ಳೆಯದು. ಸೆಪ್ಟೆಂಬರ್ ಇನ್ನೂ ಒಳ್ಳೆಯದು, ಅದು ಕೊಯ್ಲಿನ ಕಾಲ. ರೂಮು ಮಾತ್ರ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಕೆಲವು ತೋಟಗಳಲ್ಲಿ ಈಗಲೂ ದ್ರಾಕ್ಷಿಯನ್ನು ಕಾಲಲ್ಲೇ ತುಳಿಯುತ್ತಾರೆ. ಗ್ರಾನೈಟಿನ ದೊಡ್ಡ ತೊಟ್ಟಿ, ಮೊಣಕಾಲು ಮೀರುವಷ್ಟು ಹಣ್ಣು. ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ನಿಂತು, ಒಬ್ಬರು ಎಣಿಸಿದಂತೆ ಹೆಜ್ಜೆ ಹಾಕುತ್ತಾರೆ: ಎಡ, ಬಲ, ಎಡ, ಬಲ. ಎಷ್ಟೋ ಹೊತ್ತಿನ ಮೇಲೆ ಸಾಲು ಒಡೆದು ಸಂಗೀತಕ್ಕೆ ಕುಣಿತ ಶುರು. ಕಾಲಿನಡಿ ಬೀಜ ಒಡೆಯುವುದಿಲ್ಲ, ಹಾಗಾಗಿ ರಸಕ್ಕೆ ಕಹಿ ಇಳಿಯುವುದಿಲ್ಲ. ರಸ ಹುದುಗಲು ಶುರುವಾದ ಎರಡು ಮೂರು ದಿನಕ್ಕೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಹುದುಗುವುದನ್ನು ನಿಲ್ಲಿಸುತ್ತಾರೆ. ಸಿಹಿ ಒಳಗೇ ಉಳಿಯುತ್ತದೆ, ಮದ್ಯಾಂಶ ಶೇಕಡ 20ರ ಆಸುಪಾಸು. ಅದೇ ಪೋರ್ಟ್ ವೈನ್. ಪುಟ್ಟ ಗ್ಲಾಸು, ನಿಧಾನಕ್ಕೆ ಕುಡಿಯಿರಿ.

ಊಟದ ವಿಚಾರ. ಕರಾವಳಿಯವರಿಗಂತೂ ಇದು ಸ್ವರ್ಗ. ಜೂನ್ 23ರ ರಾತ್ರಿ ಸಾವ್ ಜುವಾವ್ ಹಬ್ಬಕ್ಕೆ ಪೋರ್ಟೊದ ಗಲ್ಲಿಗಲ್ಲಿಯಲ್ಲೂ ಬೂತಾಯಿ (ಸಾರ್ಡೀನ್) ಮೀನು ಸುಡುತ್ತಾರೆ. ಮಸಾಲೆ ಇಲ್ಲ, ಹರಳುಪ್ಪು ಮತ್ತು ಕೆಂಡ ಅಷ್ಟೇ. ಮಂಗಳೂರಿನ ಪುಳಿಮುಂಚಿ ತಿಂದು ಬೆಳೆದ ನಾಲಿಗೆಗೂ ಅದು ಹಿಡಿಸುತ್ತದೆ, ಮೀನು ಅಷ್ಟು ತಾಜಾ. ಸಸ್ಯಾಹಾರಿಗಳು ಕಾಲ್ಡೊ ವೆರ್ಡೆ ಸೂಪ್ ಕೇಳುವಾಗ ಎಚ್ಚರ: ಆಲೂಗಡ್ಡೆ, ಸಣ್ಣಗೆ ಹೆಚ್ಚಿದ ಸೊಪ್ಪು ಅಂತ ಕಂಡರೂ ಮೇಲೆ ಹಂದಿಮಾಂಸದ ಸಾಸೇಜ್ ಹಾಕಿರುತ್ತಾರೆ. ಇನ್ನೊಂದು, ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್, ಚೀಸ್ ಪುಕ್ಕಟೆ ಅಲ್ಲ. ಮುಟ್ಟದಿದ್ದರೆ ದುಡ್ಡೂ ಇಲ್ಲ. ನಾನಂತೂ ಮುಟ್ಟಿ ಅಂತಲೇ ಹೇಳುತ್ತೇನೆ, ಅಲ್ಲಿನ ಆಲಿವ್ ಎಣ್ಣೆಯಲ್ಲಿ ಅದ್ದಿದ ಬ್ರೆಡ್ಡೇ ಅರ್ಧ ಊಟ.

ಪೋರ್ಟೊದಲ್ಲಿ ನೋಡುವುದಕ್ಕೆ ಪಟ್ಟಿ ಬೇಡ. ಸಾವ್ ಬೆಂಟೊ ಸ್ಟೇಷನ್ನಿನ ನೀಲಿ ಹಂಚಿನ ಗೋಡೆಗಳ ಮುಂದೆ ನಿಲ್ಲಿ, ಸುಮಾರು 20,000 ಹಂಚುಗಳಿವೆ. ಸಂಜೆ 1886ರ ಕಬ್ಬಿಣದ ಸೇತುವೆಯ ಮೇಲಂತಸ್ತಿನಲ್ಲಿ ನಡೆದು ಗಾಯಾ ದಡಕ್ಕೆ ದಾಟಿ, ಪೋರ್ಟ್ ಪೀಪಾಯಿಗಳ ಉಗ್ರಾಣಗಳಿರುವುದು ಅಲ್ಲೇ. ಮನೆಗೆ ತರುವುದಾದರೆ ಟಾನಿ ತನ್ನಿ, ಅಂದರೆ ಪೀಪಾಯಿಯಲ್ಲೇ ಹಳತಾದ ಪೋರ್ಟ್, ಹತ್ತು ಅಥವಾ ಇಪ್ಪತ್ತು ವರ್ಷದ್ದು. ವಿಂಟೇಜ್, ಅಂದರೆ ಒಂದೇ ವರ್ಷದ ಕೊಯ್ಲಿನ ಪೋರ್ಟ್, ಬಾಟಲಿ ತೆರೆದರೆ ಒಂದೆರಡು ದಿನದಲ್ಲೇ ಖಾಲಿ ಮಾಡಬೇಕು. ಟಾನಿ ಫ್ರಿಜ್ಜಿನಲ್ಲಿ ಕೆಲವು ವಾರ ಕೆಡದೆ ಇರುತ್ತದೆ.