ನುಗ್ಗೆಕಾಯಿ ಹಿಡಿದು ಪಾಠ ಮಾಡಿದ ಕೂಸು

ನಿನ್ನೆ ಶಿರಸಿ ಹತ್ತಿರ ಒಂದು ಉಪನಯನದ ಊಟ. ಅಪ್ಪೆಹುಳಿ ಚೆನ್ನಾಗಿತ್ತು. ತಲೆ ಮಾತ್ರ ಇನ್ನೂ ಬಿಸಿ ಇದೆ.

ಎದುರಿನ ಪಂಕ್ತಿಯಲ್ಲಿ ಸಂಬಂಧದ ಹುಡುಗಿಯೊಬ್ಬಳು ಕೂತಿದ್ದಳು. ಬಿ.ಎಸ್ಸಿ ಮುಗಿಸಿದ್ದಾಳೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಮರೈನ್ ಬಯಾಲಜಿ ವಿಭಾಗ ಇದೆಯಲ್ಲ, ಅಲ್ಲಿ ಎಂ.ಎಸ್ಸಿ ಮಾಡುತ್ತಾಳಂತೆ. ಅಷ್ಟು ಹೇಳಿದ್ದೇ ತಡ, ಸಾಲಿಗೆ ಸಾಲೇ ಇವಳ ಕಡೆ ತಿರುಗಿತು. "ಅಲ್ದನೇ ಕೂಸೆ, ಮೀನಿನ ಓದು ಎಂತಕ್ಕೆ?" "ಮೀನು ಮುಟ್ಟದ ಮನೆಯವಳು ಮೀನು ಕೊಯ್ಯೋದಾ?" ಪಾಯಸ ಬರುವಷ್ಟರಲ್ಲಿ ಬಿ.ಎಡ್ ಮಾಡು, ಎಂಸಿಎ ಮಾಡು, ಬ್ಯಾಂಕ್ ಪರೀಕ್ಷೆ ಕಟ್ಟು, ಎಲ್ಲ ಆಯಿತು.

ಅವಳು ಜಗಳಕ್ಕೆ ಹೋಗಲಿಲ್ಲ. ಎಲೆ ಮೇಲಿದ್ದ ನುಗ್ಗೆಕಾಯಿ ತುಂಡು ಎತ್ತಿ ಹಿಡಿದಳು. ಕಾಳಿ ನದಿ ಸಮುದ್ರ ಸೇರುವಲ್ಲಿ ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ಇದೆಯಲ್ಲ, ಅದರಲ್ಲಿ ಕೆಲವು ಜಾತಿಯ ಬೀಜ ಮರದಲ್ಲಿದ್ದಾಗಲೇ ಮೊಳಕೆ ಒಡೆದು ಹೀಗೇ ಉದ್ದಕ್ಕೆ ಜೋತಾಡುತ್ತದೆ, ಇಳಿತದ ಹೊತ್ತಿಗೆ ಬಿದ್ದರೆ ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡು ಅಲ್ಲೇ ಬೇರು ಬಿಡಬಹುದು ಅಂತ ಹೇಳಿ, ತುಂಡನ್ನು ಅನ್ನದ ಗುಡ್ಡೆಗೆ ಚುಚ್ಚಿಯೂ ತೋರಿಸಿದಳು. ಬಡಿಸುವವನು ಸಾರಿನ ಬಕೆಟ್ ಹಿಡಿದು ನಿಂತೇಬಿಟ್ಟ.

"ಅದೆಲ್ಲ ಸರಿ, ಸಂಬಳ ಎಷ್ಟು?" ಅಂದರು ಒಬ್ಬ ಮಾವ.

ಅವಳ ಪಕ್ಕದಲ್ಲೇ ಕಂಪ್ಯೂಟರ್ ಸೈನ್ಸ್ ಸೇರಿದ ಹುಡುಗನೊಬ್ಬ ಹಪ್ಪಳ ಮುರಿಯುತ್ತಾ ಕೂತಿದ್ದ. ನಿನಗೆ ಯಾಕೆ ಅದು ಅಂತ ಅವನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಪಾಪ ಅವನೇ ಗಾಬರಿ ಆಗುತ್ತಿದ್ದ. ಏನೂ ಇಷ್ಟ ಇಲ್ಲದೆ ಸೇರಿದವನಿಗೆ ಭೇಷ್, ಇಷ್ಟಪಟ್ಟು ಸೇರುವವಳಿಗೆ ಮಾತ್ರ ವಿಚಾರಣೆ. ಇದೆಂಥ ನ್ಯಾಯ ಮಾರಾಯ್ರೆ? ಐದು ಕರಾವಳಿ ತಾಲೂಕು ಇರೋ ಜಿಲ್ಲೆ ನಮ್ಮದು, ಇಲ್ಲಿನ ಹುಡುಗಿ ಕಡಲು ಓದಬಾರದಾ?

ಗೊತ್ತು, ಈಗ ಕೆಲವರು ಬರ್ತೀರಿ. ಕೊಳೆ ರೋಗ ಬಂದು ಅರ್ಧ ಅಡಿಕೆ ಉದುರಿದ ವರ್ಷ ಇಷ್ಟ ಗಿಷ್ಟ ಅನ್ನೋದು ಉಳ್ಳವರ ಚಟ, ಅಂತ. ಸರಿ, ಒಪ್ಪಿದೆ. ಆದರೆ ಅದೇ ಕೊಳೆ ವರ್ಷದಲ್ಲಿ ಸಾಲ ಎತ್ತಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡಿರಲ್ಲ, ಆಗ ಈ ಲೆಕ್ಕ ಎಲ್ಲಿ ಹೋಗಿತ್ತು? ಕಡಲು ಓದೋಕೆ ಮಾತ್ರ ಬಡತನ ಅಡ್ಡ ಬರುತ್ತದಾ?

ಇಷ್ಟೆಲ್ಲ ಕೂಗಾಡುವ ನಾನು ಏನು ಮಾಡಿದ್ದೆ, ಅದನ್ನೂ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ತಮ್ಮನ ಮಗನ ಸಿಇಟಿ ಆಪ್ಷನ್ ಎಂಟ್ರಿಗೆ ಕೂತವನು ನಾನೇ. ಅವನು ಮೊದಲು ಹಾಕು ಅಂದಿದ್ದು ಶಿರಸಿಯ ಅರಣ್ಯ ಕಾಲೇಜು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ನಾನು ಅದನ್ನು 14ನೇ ನಂಬರಿಗೆ ತಳ್ಳಿದೆ. "ಕಾಡು ಎಲ್ಲಿಗೂ ಓಡಿಹೋಗಲ್ಲ, ಮೊದಲು ಇಂಜಿನಿಯರಿಂಗ್ ಮಾಡು" ಅಂದಿದ್ದೆ, ಭಾರೀ ತಿಳಿದವನ ಹಾಗೆ. ಅವನು ಮಾತಾಡಲಿಲ್ಲ. ಸುಮ್ನೆ ತಲೆ ಆಡಿಸಿದ.

ಈಗ ಬೆಂಗಳೂರಲ್ಲಿದ್ದಾನೆ. ಮಳೆಗಾಲದಲ್ಲಿ ಊರಿಗೆ ಬಂದರೆ ರಾತ್ರಿ ಟಾರ್ಚ್ ಹಿಡಿದು ಒಬ್ಬನೇ ಸೊಪ್ಪಿನ ಬೆಟ್ಟ ಹತ್ತುತ್ತಾನೆ. ಕಪ್ಪೆಗಳ ಫೋಟೋ ಕಳಿಸುತ್ತಾನೆ, "ದೊಡ್ಡಪ್ಪ, ಇದರ ಕೂಗು ಕೇಳಬೇಕಿತ್ತು" ಅಂತ. ನಾನು ಒಂದು ಹೆಬ್ಬೆರಳು ಒತ್ತಿ ಕಳಿಸ್ತೀನಿ.

ಇದನ್ನು ಅವನೂ ಓದುತ್ತಾನೆ. ಓದಲಿ.